ಏಣಿ ಬೇಡ, ಒರೆಸುವುದೂ ಬೇಡ: ಗಾಜಿನ ಕಿಟಕಿಗೆ ಮನೆಯಲ್ಲೇ ಮಾಡಿಕೊಳ್ಳುವ ಶುದ್ಧ ನೀರಿನ ಕೋಲು

ಈ ಸಲದ ಓದುಗರ ಪ್ರಶ್ನೆಗಳಲ್ಲಿ ಕಿಟಕಿ ಗಾಜಿನದೇ ಜಾಸ್ತಿ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಬಂದಿವೆ. ಒಂದಕ್ಕೊಂದು ಸೇರಿಕೊಳ್ಳುವ ಪ್ರಶ್ನೆಗಳಾದ್ದರಿಂದ ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಹೊಸ ಮನೆಯ ಮಹಡಿಗೆ ಹೊರಗಡೆ ಗ್ರಿಲ್ ಇಲ್ಲದ ದೊಡ್ಡ ದೊಡ್ಡ ಗಾಜು ಹಾಕಿಸಿದ್ದೇವೆ. ಬೋರ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಏಣಿ ಹತ್ತಿ ಒರೆಸೋಣ ಅಂದರೆ ನಮ್ಮ ಯಜಮಾನರಿಗೆ ಮೊಣಕಾಲು ನೋವು. ವಿಡಿಯೋಗಳಲ್ಲಿ ನೆಲದ ಮೇಲೆ ನಿಂತು, ಉದ್ದ ಕೋಲಿನ ತುದಿಯ ಬ್ರಷ್‌ನಿಂದ ನೀರು ಬಿಟ್ಟು ಉಜ್ಜಿ, ಒರೆಸದೆ ಹಾಗೇ ಬಿಟ್ಟು ಹೋಗುತ್ತಾರೆ. ಕಲೆಯೇ ಇರುವುದಿಲ್ಲ. ಅದು ನಿಜವಾ? ಮನೆಯಲ್ಲಿ ಮಾಡಿಕೊಳ್ಳಲು ಆಗುತ್ತದಾ? (ಗೃಹಿಣಿ, ಹಾಸನ)

ಉತ್ತರ: ನಿಜ, ಮಾಡಿಕೊಳ್ಳಲೂ ಆಗುತ್ತದೆ. ಇಂಗ್ಲೆಂಡಿನಲ್ಲಿ ಕಿಟಕಿ ತೊಳೆಯುವ ಕಸುಬಿನವರಿಗೆ ಇದು ದಿನದ ಕೆಲಸ. ಅಲ್ಲಿಯ ಕಿಟ್ ತರಿಸಿದರೆ ದುಬಾರಿ. ಆದರೆ ಅದರೊಳಗೆ ಇರುವುದೆಲ್ಲ ನಮ್ಮ ಆರ್‌ಒ ರಿಪೇರಿ ಅಂಗಡಿ, ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನೇ.

ಮೊದಲು ಆ ಬಿಳಿ ಚುಕ್ಕೆ ಎಲ್ಲಿಂದ ಬಂತು ಅಂತ ನೋಡೋಣ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾ ಹೀಗೆ ಕಲ್ಲಿನಿಂದ ಕರಗಿ ಬಂದ ಲವಣಗಳಿರುತ್ತವೆ. ನೀರು ಆರಿ ಹೋಗುತ್ತದೆ, ಲವಣ ಗಾಜಿನ ಮೇಲೆ ಉಳಿಯುತ್ತದೆ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರವೂ ಇದೇ. ಎಷ್ಟು ಕರಗಿದೆ ಅನ್ನುವುದಕ್ಕೆ ಟಿಡಿಎಸ್ ಅನ್ನುತ್ತಾರೆ, ಪಿಪಿಎಂ ಲೆಕ್ಕದಲ್ಲಿ ಅಳೆಯುತ್ತಾರೆ. 500 ಪಿಪಿಎಂ ಅಂದರೆ ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ. ತೊಳೆದ ಗಾಜಿನ ಮೇಲೆ 50 ಎಂಎಲ್ ನೀರು ಉಳಿದು ಒಣಗಿತು ಅಂತಿಟ್ಟುಕೊಳ್ಳಿ, 25 ಮಿಲಿಗ್ರಾಂ ಲವಣ ಅಲ್ಲೇ ಕೂತಿತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500 ಹೇಳುವ ಸ್ವೀಕಾರಾರ್ಹ ಮಿತಿಯೇ 500. ಅಂದರೆ ಕುಡಿಯಲು ಚೆನ್ನಾಗಿರುವ ನೀರೂ ಗಾಜಿಗೆ ಸಾಲುವುದಿಲ್ಲ. ಗಾಜಿಗೆ ಬೇಕಾದ್ದು ಸೊನ್ನೆ, ಹೆಚ್ಚೆಂದರೆ 10. ನಾವು ಗಾಜು ಒರೆಸುವುದೇ ನೀರು ತಾನಾಗಿ ಒಣಗುವ ಮೊದಲು ಅದನ್ನು ತೆಗೆಯಲು. ನೀರಿನಲ್ಲಿ ಏನೂ ಇಲ್ಲದಿದ್ದರೆ ಒರೆಸುವ ಕೆಲಸವೇ ಇಲ್ಲ ಅಲ್ವಾ?

ಹಾಗಾಗಿ ಮೊದಲು ಕೊಳ್ಳಬೇಕಾದ್ದು ಕೋಲೂ ಅಲ್ಲ, ಬ್ರಷ್ಷೂ ಅಲ್ಲ. ಟಿಡಿಎಸ್ ಮೀಟರ್. ಪೆನ್ನಿನಷ್ಟು ಗಾತ್ರ, ಕೆಲವು ನೂರು ರೂಪಾಯಿ. ನಿಮ್ಮ ಬೋರ್ ನೀರು, ನಗರಸಭೆಯ ನಲ್ಲಿ ನೀರು, ಅಡುಗೆಮನೆಯ ಆರ್‌ಒ ನೀರು, ಮೂರನ್ನೂ ಅಳೆದು ಗೋಡೆಯ ಮೇಲೆ ಬರೆದಿಡಿ. ಮುಂದೆ ಏನು ಕೊಳ್ಳಬೇಕು, ಎಷ್ಟು ಖರ್ಚಾಗುತ್ತದೆ ಅನ್ನುವುದೆಲ್ಲ ಈ ಅಂಕಿಗಳ ಮೇಲೇ ನಿಂತಿದೆ. ಇನ್ನೂ ನಂಬಿಕೆ ಬರಲಿಲ್ಲವೇ? ಬ್ಯಾಟರಿ ಅಂಗಡಿಯಿಂದ ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ. ಒಂದು ಗಾಜಿನ ಅರ್ಧ ಭಾಗವನ್ನು ಬೋರ್ ನೀರಿನಲ್ಲಿ, ಇನ್ನರ್ಧವನ್ನು ಆ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸದೆ ಬಿಡಿ. ಒಣಗಿದ ಮೇಲೆ ನೀವೇ ನೋಡಿ.

ಈಗ ನೀರು ತಯಾರಿಸುವ ಕಡೆ. ಒಟ್ಟು ನಾಲ್ಕು ಹಂತ. ಮಣ್ಣು, ಮರಳು ಹಿಡಿಯಲು 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್ ಫಿಲ್ಟರ್, ಆಮೇಲೆ ಆರ್‌ಒ ಮೆಂಬ್ರೇನ್, ಕೊನೆಗೆ ಡಿಐ ರೆಸಿನ್ (ಉಳಿದ ಲವಣವನ್ನು ಹಿಡಿದುಕೊಳ್ಳುವ ಕಾಳು). ಹಾಸನದ ನಲ್ಲಿಗೆ ಹೇಮಾವತಿ ನೀರು ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳು, ಅದಕ್ಕೇ ಕಾರ್ಬನ್ ಫಿಲ್ಟರ್ ಬಿಡುವ ಹಾಗಿಲ್ಲ. ಒಳ್ಳೆಯ ಮೆಂಬ್ರೇನ್ ನೂರಕ್ಕೆ 90ರಿಂದ 95 ಪಾಲು ಲವಣ ತೆಗೆಯುತ್ತದೆ. 500 ಇದ್ದದ್ದು 25ರಿಂದ 50ಕ್ಕೆ ಇಳಿಯುತ್ತದೆ. ಉಳಿದದ್ದನ್ನು ರೆಸಿನ್ ಸೊನ್ನೆಗೆ ಇಳಿಸುತ್ತದೆ.

ರೆಸಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮತ್ತೆ ಮತ್ತೆ ದುಡ್ಡು ಬೇಡುವುದು ಇದೇ. ಸಾಬಕ್ಕಿಗಿಂತ ಸಣ್ಣ ಕಾಳುಗಳು, ಕೇಳುವಾಗ ‘ಮಿಕ್ಸೆಡ್ ಬೆಡ್’ ಅಂತಲೇ ಕೇಳಿ. ಒಂದು ಲೀಟರ್ ರೆಸಿನ್ ಅಂದಾಜು 20 ಗ್ರಾಂ ಲವಣ ಹಿಡಿದುಕೊಳ್ಳುತ್ತದೆ, ಆಮೇಲೆ ಮುಗಿಯಿತು. 500 ಪಿಪಿಎಂನ ಬೋರ್ ನೀರನ್ನು ಆರ್‌ಒ ಇಲ್ಲದೆ ನೇರವಾಗಿ ಅದಕ್ಕೆ ಬಿಟ್ಟರೆ 40 ಲೀಟರಿಗೇ ಕೈ ಎತ್ತಿಬಿಡುತ್ತದೆ. ಆರ್‌ಒ ದಾಟಿ 25 ಪಿಪಿಎಂಗೆ ಇಳಿದ ನೀರಾದರೆ ಸುಮಾರು 800 ಲೀಟರ್ ಕೊಡುತ್ತದೆ. ಬೋರ್ ನೀರಿನವರಿಗೆ ಆರ್‌ಒ ಯಾಕೆ ಬೇಕು ಅನ್ನುವುದಕ್ಕೆ ಈ ಲೆಕ್ಕ ಸಾಕು. ರೆಸಿನ್ ತುಂಬಲು ಆರ್‌ಒ ಅಂಗಡಿಯಲ್ಲಿ ಖಾಲಿ ಕಾರ್ಟ್ರಿಡ್ಜ್ ಸಿಗುತ್ತದೆ. ಗಟ್ಟಿಯಾಗಿ ತುಂಬಿ, ನಡುವೆ ಜಾಗ ಉಳಿದರೆ ನೀರು ಪಕ್ಕದಿಂದ ನುಸುಳಿ ಹೋಗುತ್ತದೆ. ಬಳಸದಿದ್ದಾಗಲೂ ಒಣಗಲು ಬಿಡಬೇಡಿ.

ಮನೆಯ ಹಳೆಯ ಆರ್‌ಒ ಯಂತ್ರವನ್ನೇ ಇದಕ್ಕೆ ಬಳಸಬಹುದು. ಒಂದು ಎಚ್ಚರ ಮಾತ್ರ ಬೇಕು. ಅದರಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಪುಟ್ಟ ವಾಲ್ವ್ ಇರುತ್ತದೆ. ರುಚಿಗೆ ಅಂತ ಸ್ವಲ್ಪ ಹಸಿ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ. ಮಿನರಲ್ ಕಾರ್ಟ್ರಿಡ್ಜ್ ಇದ್ದರೆ ತೆಗೆಸಿ. ಕುಡಿಯಲು ಬಳಸುತ್ತಿರುವ ಯಂತ್ರಕ್ಕೆ ಮಾತ್ರ ಕೈ ಹಾಕಬೇಡಿ, ಬೇರೆಯದೇ ಇರಲಿ. ಮೆಂಬ್ರೇನ್ ಮೇಲೆ 75 ಜಿಪಿಡಿ ಅಂತ ಬರೆದಿದ್ದರೆ ದಿನಕ್ಕೆ ಸುಮಾರು 284 ಲೀಟರ್, ಗಂಟೆಗೆ 12 ಲೀಟರ್ ಅಂತ ಅರ್ಥ. ಅದು 25 ಡಿಗ್ರಿ ನೀರಿನ ಲೆಕ್ಕ. ನಮ್ಮ ಡಿಸೆಂಬರ್ ಚಳಿಯಲ್ಲಿ ಟ್ಯಾಂಕಿನ ನೀರು ತಣ್ಣಗಿರುವಾಗ ಅಷ್ಟು ಬರುವುದಿಲ್ಲ. ರಾತ್ರಿ ಆನ್ ಮಾಡಿ ಡ್ರಮ್ಮಿಗೆ ಬಿಟ್ಟರೆ ಬೆಳಗ್ಗೆ ಒಂದು ಮನೆಗೆ ಸಾಕಾಗುವಷ್ಟು ಇರುತ್ತದೆ. ಒಂದು ಕಿಟಕಿಗೆ 4 ಲೀಟರ್ ಹಿಡಿಯಿರಿ, ಮೊದಲ ಸಲ ಅದರ ಎರಡರಷ್ಟು. ಡ್ರಮ್ಮು, ಪೈಪು, ಜೋಡಣೆ ಎಲ್ಲ ಪ್ಲಾಸ್ಟಿಕ್ ಇರಲಿ. ಕಬ್ಬಿಣ, ಹಿತ್ತಾಳೆ ಬೇಡ. ಸಿಮೆಂಟ್ ತೊಟ್ಟಿಯಂತೂ ಬೇಡವೇ ಬೇಡ, ಸುಣ್ಣದ ಅಂಶ ಕರಗಿ ಟಿಡಿಎಸ್ ಮತ್ತೆ ಏರುತ್ತದೆ.

ನೀರು ಮೇಲೆ ಏರಿಸಲು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಳಸಿ. 12 ವೋಲ್ಟಿನ ಪಂಪು, ಬ್ಯಾಟರಿ, 16 ಲೀಟರ್ ಕ್ಯಾನ್ ಎಲ್ಲ ಒಂದರಲ್ಲೇ ಬಂತು. 10 ಮೀಟರ್ ಎತ್ತರಕ್ಕೆ ಒಂದು ಬಾರ್‌ನಷ್ಟು ಒತ್ತಡ ಸಾಕು, ಈ ಪಂಪು ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತದೆ. ಹೊಸದೇ ಆಗಬೇಕು. ಕಳೆನಾಶಕವೋ ಬೋರ್ಡೋ ದ್ರಾವಣವೋ ಹೊಡೆದ ಕ್ಯಾನ್ ಎಷ್ಟು ತೊಳೆದರೂ ಇದಕ್ಕೆ ಬೇಡ. ಮೈಲುತುತ್ತ, ಸುಣ್ಣ ಗಾಜಿನ ಮೇಲೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ ಆ ವಿಷದ ನೀರು ಕಿಟಕಿಯಿಂದ ನಿಮ್ಮ ತಲೆ ಮೇಲೇ ಬೀಳುತ್ತದೆ.

ಕ್ಯಾನಿನಿಂದ ಕೋಲಿನ ಬುಡದವರೆಗೆ ಸ್ಪ್ರೇ ಹೋಸ್, ಬುಡದಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಪ್, ಅಲ್ಲಿಂದ ಮೇಲಕ್ಕೆ ಗಾರೆಯವರು ಬಳಸುವ ಲೆವೆಲ್ ಪೈಪ್. ಟ್ಯಾಪ್ ಬುಡದಲ್ಲೇ ಇರಬೇಕು ಅನ್ನುವುದಕ್ಕೆ ಕಾರಣ ಇದೆ. ಮುಚ್ಚಿದಾಗ ಒತ್ತಡವೆಲ್ಲ ಗಟ್ಟಿ ಹೋಸಿನಲ್ಲೇ ನಿಲ್ಲುತ್ತದೆ. ಮೇಲಿನ ಲೆವೆಲ್ ಪೈಪಿನ ತುದಿ ಯಾವಾಗಲೂ ತೆರೆದಿರುವುದರಿಂದ ಅದು ಉಬ್ಬುವುದಿಲ್ಲ, ಕಿತ್ತು ಬರುವುದಿಲ್ಲ. ಬ್ರಷ್‌ಗೆ ಕಾರು ತೊಳೆಯಲು ಬರುವ, ಒಳಗಿಂದ ನೀರು ಹಾಯುವ ಮೆತ್ತನೆಯ ಬ್ರಷ್ ಸಾಕು. ನೀರು ಸುಮ್ನೆ ಒಂದೇ ಕಡೆ ಸುರಿಯುತ್ತಿದ್ದರೆ ಆ ತೂತಿಗೆ ಮುಚ್ಚಳ ಕೂರಿಸಿ, ಎರಡು ಮಿಲಿಮೀಟರಿನ ಎರಡು ತೂತು ಮಾಡಿ. ನಿಮಿಷಕ್ಕೆ ಒಂದೂವರೆ ಲೀಟರ್ ಬಂದರೆ ಚೆನ್ನಾಯಿತು.

ತೊಳೆಯುವ ಕ್ರಮವೂ ಮುಖ್ಯ. ಮೊದಲು ಒಣ ಪೊರಕೆಯಲ್ಲಿ ಜೇಡರ ಬಲೆ ತೆಗೆಯಿರಿ. ಆಮೇಲೆ ಮೇಲಿನ ಚೌಕಟ್ಟು, ಪಕ್ಕದ ಚೌಕಟ್ಟು, ಕೊನೆಗೆ ಗಾಜು. ಎಲ್ಲ ಉಜ್ಜಿದ ಮೇಲೆ ಬ್ರಷ್ ಸ್ವಲ್ಪ ಹಿಂದಕ್ಕೆ ತೆಗೆದು, ಮೇಲಿಂದ ಕೆಳಕ್ಕೆ ಬರೀ ನೀರು ಇಳಿಸಿ. ಈ ಕೊನೆಯ ಜಾಲಾಟದಲ್ಲಿ ಅವಸರ ಬೇಡ. ಸೋಪು ಬೇಡ. ಉರಿಬಿಸಿಲಿನಲ್ಲಿ ಬೇಡ, ಕೊಳೆ ನೀರು ಜಾಲುವ ಮೊದಲೇ ಒಣಗಿಬಿಡುತ್ತದೆ. ಒಳಗಡೆ ಕಿಟಕಿ ಬಾಗಿಲು ಪೂರ್ತಿ ಹಾಕಿದೆಯಾ ನೋಡಿಕೊಳ್ಳಿ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ತೂತು ಮಣ್ಣಿನಿಂದ ಮುಚ್ಚಿದ್ದರೆ ನೀರೆಲ್ಲ ಹಾಲಿಗೆ ಬರುತ್ತದೆ.

ಇನ್ನೊಂದು. ಹೊರಗಡೆ ಒತ್ತೊತ್ತಾದ ಗ್ರಿಲ್ ಇರುವ ಕಿಟಕಿಗೆ ಇದು ಕೆಲಸ ಮಾಡುವುದಿಲ್ಲ. ಬ್ರಷ್ ಗಾಜು ಮುಟ್ಟದಿದ್ದರೆ ಬರೀ ನೀರು ಧೂಳನ್ನು ಬಿಡಿಸುವುದಿಲ್ಲ. ನಿಮ್ಮದು ತೆರೆದ ಗಾಜು ಅಂತ ಬರೆದಿದ್ದೀರಿ, ಹಾಗಾಗಿ ಧೈರ್ಯವಾಗಿ ಮಾಡಿ.

ಪ್ರಶ್ನೆ: ಮನೆಗೆಲ್ಲ ವಾಟರ್ ಸಾಫ್ಟನರ್ ಹಾಕಿಸಿದ್ದೇವೆ. ಗಡಸು ನೀರು ಮೆದುವಾದ ಮೇಲೆ ಗಾಜಿಗೆ ಅದೇ ಸಾಕಲ್ಲವೇ? (ಓದುಗರು, ಕಡೂರು)

ಉತ್ತರ: ಸಾಲದು. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ. ಆದರೆ ಕರಗಿರುವ ಲವಣ ಒಟ್ಟಿನಲ್ಲಿ ಕಡಿಮೆ ಆಗುವುದಿಲ್ಲ. ಸಾಫ್ಟನರಿಗೆ ಮೊದಲು, ಆಮೇಲೆ ಎರಡೂ ಕಡೆ ಮೀಟರ್ ಅದ್ದಿ ನೋಡಿ, ಅಂಕಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಒಂದು ಲಾಭ ಇದೆ, ಸಾಫ್ಟನರ್ ದಾಟಿದ ನೀರನ್ನು ಆರ್‌ಒಗೆ ಕೊಟ್ಟರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುವುದಿಲ್ಲ, ಜಾಸ್ತಿ ದಿನ ಬಾಳುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ತೋಟದಲ್ಲಿ ಎರಡು ಕಾಟೇಜ್ ಇವೆ. ಕಣಿವೆ ಕಾಣಲಿ ಅಂತ ಒಂದು ಗೋಡೆ ಪೂರ್ತಿ ಗಾಜು. ಮಳೆಗಾಲ ಮುಗಿಯುವಷ್ಟರಲ್ಲಿ ಪಾಚಿ, ಕೆಂಪು ಮಣ್ಣು ಕೂತಿರುತ್ತದೆ. ಇಲ್ಲಿ ಕರೆಂಟ್ ನೆಚ್ಚಿಕೊಂಡು ಆರ್‌ಒ ಓಡಿಸುವುದು ಕಷ್ಟ. ಬೇರೆ ದಾರಿ ಇದೆಯಾ? (ಬೆಳೆಗಾರರು)

ಉತ್ತರ: ಈ ಪತ್ರ ಓದಿ ಖುಷಿಯಾಯಿತು, ಯಾಕೆಂದರೆ ನಿಮಗೆ ಆರ್‌ಒ ಬೇಕಾಗಿಯೇ ಇಲ್ಲ. ಮಳೆ ನೀರು ಆವಿಯಾಗಿ ಮೇಲೆ ಹೋಗಿ ಬಂದದ್ದು. ಕಲ್ಲು, ಮಣ್ಣು ಮುಟ್ಟದ ನೀರು. ಜುಲೈನಲ್ಲಿ ಸತತ ಮಳೆ ಹಿಡಿದಾಗ ಪಾತ್ರೆಯೊಂದನ್ನು ಬಯಲಲ್ಲಿ ಇಟ್ಟು ಟಿಡಿಎಸ್ ಅಳೆಯಿರಿ. ಬೋರ್ ನೀರಿನ ನೂರಾರು ಪಿಪಿಎಂ ಎಲ್ಲಿ, ಇದರ ಅಂಕಿ ಎಲ್ಲಿ! ಆರ್‌ಒ ಯಂತ್ರ ಕರೆಂಟು ಸುಟ್ಟು, ಒಂದು ಲೀಟರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲಿ ಮಾಡುವ ಕೆಲಸವನ್ನು ಮಲೆನಾಡಿನ ಆಕಾಶ ಪುಕ್ಕಟೆ ಮಾಡಿಕೊಡುತ್ತಿದೆ. ಇದನ್ನು ಬಿಟ್ಟು ನೆಲ ಕೊರೆದು ತೆಗೆದ ನೀರನ್ನು ಶುದ್ಧ ಮಾಡುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಜೀಪು ನಿಲ್ಲಿಸುವ 10 ಚದರ ಮೀಟರಿನ ಶೀಟಿನ ಮೇಲೆ 20 ಮಿಲಿಮೀಟರ್ ಸುರಿದರೆ 200 ಲೀಟರ್, ಒಂದು ದೊಡ್ಡ ಡ್ರಮ್ಮು ತುಂಬಿತು. ನಿಮ್ಮ ಕಡೆ ಆಷಾಢದಲ್ಲಿ ಇಷ್ಟು ಬೀಳಲು ಒಂದು ಮಧ್ಯಾಹ್ನ ಸಾಕು.

ಯಾವ ಮಾಡಿನಿಂದ ಹಿಡಿಯುತ್ತೀರಿ ಅನ್ನುವುದು ಮುಖ್ಯ. ಬಣ್ಣ ಬಳಿದ ತಗಡಿನ ಶೀಟು ಒಳ್ಳೆಯದು. ಹೆಂಚಿನ ಮಾಡಿನಲ್ಲಿ ಪಾಚಿ ಇರುತ್ತದೆ. ಸಿಮೆಂಟ್ ಶೀಟು, ಆರ್‌ಸಿಸಿ ತಾರಸಿ ಎರಡೂ ಸುಣ್ಣ ಬಿಡುತ್ತವೆ. ಏಪ್ರಿಲ್‌ನ ಹೂಮಳೆಯ ನೀರು ಹಿಡಿಯಬೇಡಿ, ಬೇಸಿಗೆಯ ಧೂಳು, ಎಲೆ, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಇಳಿದು ಬರುತ್ತದೆ. ಮಳೆ ಚೆನ್ನಾಗಿ ಹಿಡಿದು ಮಾಡು ತೊಳೆದುಕೊಂಡ ಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಿ. ಬೆಳಕು ಹೋಗದ ನೀಲಿ ಅಥವಾ ಕಪ್ಪು ಡ್ರಮ್ಮು, ಬಾಯಿಗೆ ಬಟ್ಟೆ, ಮೇಲೆ ಗಟ್ಟಿ ಮುಚ್ಚಳ. ಬೆಳಕು ಇಲ್ಲದಿದ್ದರೆ ಪಾಚಿ ಇಲ್ಲ, ಸಂದಿ ಇಲ್ಲದಿದ್ದರೆ ಸೊಳ್ಳೆ ಇಲ್ಲ. ಹೀಗೆ ಇಟ್ಟ ನೀರನ್ನು ಮಳೆ ಬಿಟ್ಟ ಮೇಲೆ, ದಸರಾ ರಜೆಯ ಅತಿಥಿಗಳು ಬರುವ ಮುಂಚೆ ಬಳಸಬಹುದು. ಆಗ ಸೆಡಿಮೆಂಟ್ ಫಿಲ್ಟರ್ ದಾಟಿಸಿ ರೆಸಿನ್‌ಗೆ ಬಿಡಿ. 10 ಪಿಪಿಎಂ ನೀರಾದರೆ ಒಂದು ಲೀಟರ್ ರೆಸಿನ್ 2,000 ಲೀಟರಿನಷ್ಟು ಬರುತ್ತದೆ. ಮೀಟರ್ 10ರ ಒಳಗೇ ತೋರಿಸುತ್ತಿದ್ದರೆ ರೆಸಿನ್ ಇಲ್ಲದೆಯೇ ಒಂದು ಗಾಜು ತೊಳೆದು ನೋಡಿ, ಎಷ್ಟೋ ಸಲ ಅದೇ ಸಾಕಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದೆ. ಹಗುರ, ಉದ್ದ. ಅದಕ್ಕೇ ಬ್ರಷ್ ಕಟ್ಟಬಹುದೇ? (ಕೃಷಿಕರು, ಮೂಡಿಗೆರೆ)

ಉತ್ತರ: ಹಗುರ ಅನ್ನುವುದು ನಿಜ, ಇಂಗ್ಲೆಂಡಿನವರೂ ಎತ್ತರದ ಕೆಲಸಕ್ಕೆ ಕಾರ್ಬನ್ ಕೋಲನ್ನೇ ಬಳಸುತ್ತಾರೆ. ಆದರೆ ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ. ಅಲ್ಯೂಮಿನಿಯಂ ಅಂದರೆ ಎಲ್ಲರೂ ಹುಷಾರಾಗುತ್ತಾರೆ, ಕಾರ್ಬನ್ ಅಂದರೆ ಪ್ಲಾಸ್ಟಿಕ್ ಥರ ಅಂತ ತಿಳಿದುಬಿಡುತ್ತಾರೆ. ದಯವಿಟ್ಟು ಇದನ್ನು ಮನೆಯಲ್ಲಿ ಕೆಲಸ ಮಾಡುವವರಿಗೂ ಹೇಳಿ. ಶುದ್ಧ ನೀರು ಕರೆಂಟ್ ಹರಿಸುವುದಿಲ್ಲವಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಕಿಟಕಿಯ ಕೊಳೆ ಸೇರಿದ ಗಳಿಗೆಯಿಂದ ಅದು ಶುದ್ಧ ನೀರಲ್ಲ. ಒದ್ದೆಯಾದ ಗ್ಲಾಸ್ ಫೈಬರ್ ಕೋಲನ್ನೂ, ಬಿದಿರಿನ ಗಳವನ್ನೂ ನಂಬುವ ಹಾಗಿಲ್ಲ.

ನಾನು ಪಾಲಿಸಿ ಅನ್ನುವ ನಿಯಮ ಒಂದೇ. ಕೋಲು ಪೂರ್ತಿ ಚಾಚಿ, ಕೈ ತಪ್ಪಿ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗಬಾರದು. ತಾಗುವ ಹಾಗಿದ್ದರೆ ಆ ಕಿಟಕಿ ಬಿಟ್ಟುಬಿಡಿ. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರ್ ಸಾಮಾನ್ಯವಾಗಿ ಮಹಡಿಯ ಮೂಲೆಗೇ ಬಂದು ಕೂರುತ್ತದೆ, ಮೊದಲು ಅದನ್ನು ನೋಡಿ. ತೋಟದಲ್ಲಿ ಅಡಿಕೆ ಮರದ ನಡುವೆ ಕಾಣದೆ ಹೋಗುವ ಲೈನುಗಳೂ ಇರುತ್ತವೆ. ಮತ್ತೆ, ಔಷಧಿ ಹೊಡೆದ ದೋಟಿಯಾದರೆ ಅದರ ಪೈಪು ಬಳಸಬೇಡಿ, ಕೋಲು ಮಾತ್ರ ತೊಳೆದು ಬಳಸಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ. ಹಾಸನ, ಚಿಕ್ಕಮಗಳೂರಿನ ಅಂಗಡಿ, ಹೋಂಸ್ಟೇಗಳಿಗೆ ಇದನ್ನೇ ಉದ್ಯೋಗವಾಗಿ ಮಾಡಬೇಕು ಅಂತಿದ್ದೇನೆ. ನಮ್ಮೂರಿನ ಬೋರ್ ನೀರು ತುಂಬಾ ಗಡಸು. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತುಂಬಿಸಿಕೊಂಡರೆ ಹೇಗೆ? (ಯುವಕ, ಅರಸೀಕೆರೆ)

ಉತ್ತರ: ಒಂದು ಕ್ಯಾನ್ ತಂದು ಪ್ರಯೋಗ ಮಾಡುವುದಕ್ಕೆ ತೊಂದರೆಯಿಲ್ಲ. ದಿನಾ ಇನ್ನೂರು, ಮುನ್ನೂರು ಲೀಟರ್ ತರುವುದು ಬೇಡ. ಅದು ಊರಿನವರು ಬಿಂದಿಗೆ, ಕ್ಯಾನ್ ಹಿಡಿದು ಸಾಲು ನಿಲ್ಲುವ ಜಾಗ. ಬೇಸಿಗೆಯಲ್ಲಿ ಅಲ್ಲಿಯ ನೀರನ್ನು ಗಾಜು ತೊಳೆಯಲು ಒಯ್ದರೆ ಊರವರು ಸುಮ್ಮನಿರುವುದಿಲ್ಲ, ಇರಲೂ ಬಾರದು.

ನಿಮ್ಮದೇ ಆರ್‌ಒ ಇಡಿ. ಉದ್ಯೋಗಕ್ಕೆ 75 ಜಿಪಿಡಿ ಸಾಲದು, ಗಂಟೆಗೆ 50 ಲೀಟರಿನ ಘಟಕ ನೋಡಿ. ರಾತ್ರಿ ಎಂಟು ಗಂಟೆ ಓಡಿದರೆ 400 ಲೀಟರ್. ಆದರೆ ಲವಣ ಹೊತ್ತು ಆರ್‌ಒದಿಂದ ಹೊರಬೀಳುವ ನೀರಿಗೆ ಮೊದಲೇ ಜಾಗ ಯೋಚಿಸಿ, ಅದನ್ನು ಚರಂಡಿಗೆ ಬಿಡುವುದಾದರೆ ಅರಸೀಕೆರೆಯಂಥ ಒಣ ತಾಲ್ಲೂಕಿನಲ್ಲಿ ಈ ಕೆಲಸ ಶುರು ಮಾಡಲೇಬೇಡಿ ಅನ್ನುತ್ತೇನೆ. ಶೌಚಾಲಯ, ನೆಲ, ಗಾಡಿ ತೊಳೆಯಲು ಬಳಸಿ. ತೆಂಗು ಉಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಆದರೂ ದಿನವೂ ಒಂದೇ ಮರದ ಬುಡಕ್ಕೆ ಬಿಟ್ಟರೆ ಮಣ್ಣು ಕೆಡುತ್ತದೆ. ಸಸಿಗಳಿಗಂತೂ ಬೇಡ.

ಗಿರಾಕಿಗಳಿಗೆ ಅವರ ನೀರನ್ನೇ ಕೇಳಿ ನೋಡುವುದೂ ಒಂದು ದಾರಿ. ಚಿಕ್ಕಮಗಳೂರು ನಗರಕ್ಕೆ ಯಗಚಿ ನೀರು, ಹಾಸನಕ್ಕೆ ಹೇಮಾವತಿ. ಹೊಳೆಯ ನೀರಿನ ಟಿಡಿಎಸ್ ಸಾಮಾನ್ಯವಾಗಿ ಬೋರ್‌ಗಿಂತ ಕಡಿಮೆ, ಮೆಂಬ್ರೇನ್, ರೆಸಿನ್ ಎರಡಕ್ಕೂ ಹೊರೆ ಕಡಿಮೆ. ಮೂಡಿಗೆರೆ, ಕಳಸದ ಕಡೆಯ ಹೋಂಸ್ಟೇಯವರಿಗೆ ಮಳೆ ನೀರಿನ ಡ್ರಮ್ಮು ಇಡಲು ಹೇಳಿ, ನೀವು ರೆಸಿನ್ ಮತ್ತು ಕೋಲು ಮಾತ್ರ ಒಯ್ದರೆ ಸಾಕು. ಲಗೇಜ್ ಆಟೋದಲ್ಲಿ 400 ಲೀಟರ್ ಒಯ್ಯುವುದಾದರೆ ಅದು 400 ಕಿಲೋ ತೂಕ. ಘಾಟಿ ತಿರುವಿನಲ್ಲಿ ಅರ್ಧ ತುಂಬಿದ ಟ್ಯಾಂಕ್ ಗಾಡಿಯನ್ನೇ ಎಳೆಯುತ್ತದೆ. ಸಣ್ಣ ಸಣ್ಣ ಕ್ಯಾನುಗಳಲ್ಲಿ ತುಂಬಿ ಬಿಗಿಯಾಗಿ ಕಟ್ಟಿ.

ಪ್ರಶ್ನೆ: ವರ್ಷಗಳಿಂದ ಗಟ್ಟಿಯಾಗಿ ಕೂತಿರುವ ಬಿಳಿ ಕಲೆ ಶುದ್ಧ ನೀರಿಗೆ ಹೋಗುತ್ತದೆಯೇ? (ಓದುಗರು, ಬೇಲೂರು)

ಉತ್ತರ: ಹೋಗುವುದಿಲ್ಲ. ಶುದ್ಧ ನೀರು ಹೊಸ ಕಲೆ ಬರದಂತೆ ನೋಡಿಕೊಳ್ಳುತ್ತದೆ ಅಷ್ಟೇ. ಹಳೆಯದನ್ನು ಒಂದು ಸಲ ಕೈಯಿಂದಲೇ ತೆಗೆಯಬೇಕು. ವಿನೆಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಸ್ವಲ್ಪ ಹೊತ್ತು ಅಂಟಿಸಿಡಿ, ಉಜ್ಜಿ, ಚೆನ್ನಾಗಿ ತೊಳೆಯಿರಿ. ಗ್ರಾನೈಟ್, ಮಾರ್ಬಲ್ ಕಟ್ಟೆಯ ಮೇಲೆ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡ, ಅಲ್ಯೂಮಿನಿಯಂ ಫ್ರೇಮ್ ತಿಂದುಹಾಕುತ್ತದೆ, ಅದರ ಹೊಗೆ ಎದೆಗೂ ಕೆಟ್ಟದ್ದು.

ಪ್ರಶ್ನೆ: ಎಲ್ಲ ಜೋಡಿಸಿದ್ದೇನೆ. ಮೀಟರ್ ಸೊನ್ನೆ ತೋರಿಸುತ್ತಿದೆ. ಆದರೂ ಗಾಜಿನ ಮೇಲಿನ ಭಾಗದಲ್ಲಿ ಉದ್ದುದ್ದ ಗೆರೆ, ಅಲ್ಲಲ್ಲಿ ಚುಕ್ಕೆ. (ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು)

ಉತ್ತರ: ನೀರು ಸರಿಯಿದೆ ಮೇಷ್ಟ್ರೇ, ಕೊಳೆ ಬರುತ್ತಿರುವುದು ಬೇರೆ ಕಡೆಯಿಂದ. ಮೇಲಿನ ಚೌಕಟ್ಟಿನ ಸಂದಿಯಲ್ಲಿ ಕೂತ ಧೂಳು ನೀರು ಹೀರಿಕೊಂಡು, ನೀವು ಆ ಕಡೆ ಹೋದ ಮೇಲೆ ಮೆಲ್ಲಗೆ ತೊಟ್ಟಿಕ್ಕುತ್ತದೆ. ಗೆರೆ ಮೇಲಿನಿಂದಲೇ ಶುರುವಾಗಿದ್ದರೆ ಇದೇ ಕಾರಣ. ಮುಂದಿನ ಸಲ ಎಲ್ಲ ಕಿಟಕಿಯ ಮೇಲಿನ ಚೌಕಟ್ಟನ್ನು ಮೊದಲು ಉಜ್ಜಿ ಬಿಡಿ, ಸ್ವಲ್ಪ ಹೊತ್ತು ಇಳಿಯಲಿ, ಆಮೇಲೆ ಮೊದಲ ಕಿಟಕಿಯಿಂದ ಗಾಜು ಶುರು ಮಾಡಿ. ಹಿಂದೆ ಸೋಪು, ಶಾಂಪೂ ಹಾಕಿ ತೊಳೆದ ಗಾಜಿನ ಮೇಲೆ ಅದರ ಪದರವೂ ಉಳಿದಿರುತ್ತದೆ, ಎರಡು ಮೂರು ಸಲ ತೊಳೆದ ಮೇಲೇ ಅದು ಪೂರ್ತಿ ಬಿಡುವುದು. ಚುಕ್ಕೆಗಳು ಗಾಜಿನ ತುಂಬ ಒಂದೇ ಸಮ ಇದ್ದರೆ ಬ್ರಷ್ ನೋಡಿ. ಬೋರ್ ನೀರಿನಲ್ಲಿ ಕಾರು ತೊಳೆದ ಬ್ರಷ್ ಆಗಿದ್ದರೆ ಕೂದಲಿನ ಬುಡದಲ್ಲಿ ಲವಣ ಇರುತ್ತದೆ, ಶುದ್ಧ ನೀರಿನಲ್ಲೇ ನೆನೆಸಿ ಜಾಲಿಸಿ.

ಅಲ್ಯೂಮಿನಿಯಂ ಫ್ರೇಮ್ ಹಳೆಯದಾಗಿ, ಬೆರಳು ಉಜ್ಜಿದರೆ ಬಿಳಿ ಪುಡಿ ಬರುತ್ತಿದ್ದರೆ ಮಾತ್ರ ಆ ಫ್ರೇಮಿಗೆ ನೀರು ಬಿಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೋಲನ್ನು ಗಾಜಿಗಷ್ಟೇ ಬಳಸಿ. ಇನ್ನೊಂದು ಪರೀಕ್ಷೆ ಮಾಡಿ. ಮೀಟರನ್ನು ಡ್ರಮ್ಮಿನಲ್ಲಿ ಅಲ್ಲ, ಬ್ರಷ್‌ನ ತುದಿಯಿಂದ ಬೀಳುವ ನೀರನ್ನು ಲೋಟಕ್ಕೆ ಹಿಡಿದು ಅಳೆಯಿರಿ. ಎರಡು ಅಂಕಿಯ ನಡುವೆ ವ್ಯತ್ಯಾಸ ಬಂದರೆ ಕ್ಯಾನು, ಹೋಸು, ಬ್ರಷ್ ಈ ಮೂರರಲ್ಲಿ ಯಾವುದೋ ಒಂದು ಕೊಳೆಯಾಗಿದೆ, ಒಂದೊಂದಾಗಿ ಬಿಚ್ಚಿ ಅಳೆಯುತ್ತಾ ಹೋದರೆ ಸಿಕ್ಕಿಬಿಡುತ್ತದೆ.